ಕಾಲಿಗೆ ಕಟ್ಟಿದ ಬೆಲ್ಟು

ಅವಧಿಗೆ ಮುಂಚೆ ಜೈಲಿನಿಂದ ಬಿಡುಗಡೆಯಾದವರ ಕಾಲಿಗೆ ಸರ್ಕಾರ, ಅವರು ಎಲ್ಲಿದ್ದಾರೆಂದು ತೋರಿಸುವ ಒಂದು ಬೆಲ್ಟು ಕಟ್ಟುತ್ತದೆ. ಸಂಜೆಯ ಮೇಲೆ ಅವರು ಹೊಸ್ತಿಲು ದಾಟಿದರೆ ಅವರ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಗಂಟೆ ಕಿರುಚುತ್ತದೆ. ಆ ಕಚೇರಿಯ ಫ್ಯಾನ್ ರಿಪೇರಿಗೆಂದು ನಾನು ಏಣಿ ಹತ್ತಿದ್ದೆ. ಕೆಳಗೆ ಬೆಂಚಿನ ಮೇಲೆ ಇಬ್ಬರಿದ್ದರು: ಬಟ್ಟೆ ಹೊಲಿಯುವ ಹೆಂಗಸು, ವಯಸ್ಸಾದ ಒಬ್ಬ ಅಮ್ಮ.

"ಮಗನ ಬೆಲ್ಟು ಯಾವಾಗ ಬಿಚ್ತೀರಿ ಅಂತ ಕೇಳೋಕೆ ಬಂದೆ," ಎಂದರು ಅಮ್ಮ. "ನಿಂದೇನು?"

"ನನ್ನ ಗಂಡಂದು ಇವತ್ತು ಬಿಚ್ತಾರಂತೆ. ಬೇಡ ಅನ್ನೋಕೆ ಬಂದೆ."

"ತಲೆ ನೆಟ್ಟಗಿದೆಯೇನೇ?"

"ಮದುವೆಯಾದ ಮೇಲೆ ಅವನು ಹೊತ್ತಿಗೆ ಸರಿಯಾಗಿ ಮನೆ ಸೇರ್ತಿರೋದು ಈಗಲೇ. ಬೆಲ್ಟಿಗೆ ದಿನಾ ಚಾರ್ಜ್ ಹಾಕ್ಬೇಕು. ನಮ್ಮನೇಲಿ ನೆಟ್ಟಗಿರೋ ಪ್ಲಗ್ಗು ಅಡುಗೆಮನೇದೊಂದೇ. ಚಾರ್ಜರ್ ವೈರ್‌ಗೆ ಕಾಲು ಕೊಟ್ಕೊಂಡು ಬೆಳ್ಳುಳ್ಳಿ ಬಿಡಿಸ್ತಾ ಕೂತಿರ್ತಾನೆ."

"ಮೂಗುದಾರ ಹಾಕಿದ ಹಾಗಾಯ್ತು. ನೀನು ಬಂದಿರೋದು ಗೊತ್ತಾದ್ರೆ ಸುಮ್ನೆ ಬಿಡ್ತಾನಾ?"

"ಅವನೇ ಕಳಿಸಿದ್ದು."

"ಅವನೇನಾ? ಯಾಕೇ?"

"ಹಳೇ ಜೊತೆಗಾರರು ಬೀಗ ಒಡೆಯೋಣ ಬಾ ಅಂತ ಬರ್ತಾರಮ್ಮ. ಅವನಿಗೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಪ್ಯಾಂಟ್ ಎತ್ತಿ ಕಾಲು ತೋರಿಸ್ತಾನೆ. ಅವರೇ ಬೈಕೊಂಡು ವಾಪಸ್ ಹೋಗ್ತಾರೆ."

ಗುಮಾಸ್ತ ಬಾಗಿಲಿಗೆ ಬಂದ. "ಬನ್ನಿಯಮ್ಮ. ನಿಮ್ಮ ಯಜಮಾನರು ಪೂರ್ತಿ ಸುಧಾರಿಸಿದ್ದಾರೆ ಅಂತ ಸಾಹೇಬರಿಗೆ ಭಾರಿ ಖುಷಿ."

"ಈಗೇನಂತೀಯೇ?" ಎಂದು ಅಮ್ಮ ಪಿಸುಗುಟ್ಟಿದರು.

"ಇನ್ನೂ ಸ್ವಲ್ಪ ಕೆಟ್ಟವನೇ ಅಂತ ಬರ್ಕೊಳ್ಳಿ ಸಾರ್ ಅಂತೀನಿ."

ಆಕೆ ಒಳಗೆ ಹೋದಳು. ಅಮ್ಮ ಮಗನ ಬೆಲ್ಟಿನ ಮಾತೆತ್ತದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟುಬಿಟ್ಟರು.