ಪರದೆಯ ಹಿಂದಿನ ತವರು

ಅಣೆಕಟ್ಟಿನ ಹಿನ್ನೀರು ದಾಟಲು ಲಾಂಚು ಕಾಯುತ್ತ ಸಾಲಿನಲ್ಲಿ ನಿಂತಿದ್ದ ದುಗ್ಗಪ್ಪ ಬೀಡಿ ಹಚ್ಚುವುದನ್ನೇ ಮರೆತ. ಅವನ ಮುಂದೆ ಕೆರಿಯಮ್ಮ, ವಿಶಾಲಮ್ಮ ಹಿಂದಿನ ದಿನ ಸಾಗರದ ಟೆಂಟಿನಲ್ಲಿ ನೋಡಿದ ಸಿನೆಮಾದ ಮಾತಿಗಿಳಿದಿದ್ದರು.

“ಮುಳುಗಡೆಗೆ ಮುಂಚೆ ಸಿನೆಮಾದೋರು ಬಂದು ತೆಗ್ದಿದ್ದು ನಿನ್ ತವರುಮನೆನೇ ಕಣೆ, ಕೆರಿಯಮ್ಮ.”

“ಅಲ್ಲ ಮಾರಾಯ್ತಿ. ನಮ್ ತುಳಸಿಕಟ್ಟೆ ಬಾಗ್ಲ ಬಲಕ್ಕಿತ್ತು. ಅದ್ರಲ್ಲಿ ಎಡಕ್ಕಿತ್ತು.”

“ನಂಗೆ ಬಲಕ್ಕೇ ಕಾಣ್ತು.”

“ಆ ಹೀರೋನೂ ಎಂತದೋ. ಎಡಗೈಲಿ ಉಂಡ.”

“ಬಲಗೈಲೇ ಉಂಡ್ನಲ್ಲೇ. ನೀ ಎಲ್ಲಿ ಕೂತಿದ್ದೆ?”

“ಮುಂದೆ ಜಾಗ ಎಲ್ಲಿತ್ತು? ಪರದೆ ಹಿಂದೆ ಕೂರ್ಸಿದ್ರು.”

“ಹಿಂದಿಂದ ನೋಡಿದ್ರೆ ಎಡ ಬಲ ಆಗ್ತದೆ ಕಣೆ.”

ಕೆರಿಯಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ದುಗ್ಗಪ್ಪನೂ ನೋಡಿಕೊಂಡ, ಅವನಿಗೂ ಎಡಬಲ ಕಲಸಿಹೋಗಿತ್ತು.

“ಹಂಗಾರೆ ಬಾಗ್ಲಲ್ಲಿ ತಲೆ ತಗ್ಸಿ ಅಕ್ಕಿ ಕೇರ್ತಿದ್ಲಲ್ಲ, ಅದು ತೀರ್ಕೊಂಡ ನಮ್ಮವ್ವನೇನೇ? ಯಾರೋ ಅಂತ ನಾ ಎಲೆಗೆ ಸುಣ್ಣ ಹಚ್ತಾ ಕೂತಿದ್ದೆ.”

“ಟೆಂಟ್ ಬೆಳಿಗ್ಗೆನೇ ಹೊಸನಗರಕ್ಕೆ ಹೋತಲ್ಲೆ.”

ಲಾಂಚು ಬಂತು. ಕೆರಿಯಮ್ಮ ಕೈಚೀಲವನ್ನು ವಿಶಾಲಮ್ಮನಿಗೆ ಕೊಟ್ಟು, ಸಾಲು ಬಿಟ್ಟು ಬಸ್ಸಿನ ಕಡೆ ಹೊರಟಳು.

“ಎಲ್ಲಿಗೇ?”

“ಈ ಸಲ ಮುಂದೆ ಕೂರ್ತೀನಿ.”