ಸಕ್ಕರೆ ರೋಗವೆಂಬ ಸುಳ್ಳು

ಕಲಬುರಗಿಯ ಬಸ್ ನಿಲ್ದಾಣ. ಪರರ ಮಾತಿಗೆ ಕಿವಿಗೊಡುವುದು ಧರ್ಮವಲ್ಲ, ಆದರೂ ಕೇಳಿದೆನು. ಸೊಸೆಯ ಕೈಯಲ್ಲಿ ಮನೋವೈದ್ಯರ ಚೀಟಿ, ಅತ್ತೆಯ ತೋಳಿನಲ್ಲಿ ವರ್ಷದ ಮೊಮ್ಮಗು.

“ಅತ್ತಿ, ಇವತ್ತ ನಮ್ಮ ಓಣಿ ಫರ್ಹೀನಗ ನಿಜ ಹೇಳ್ತೀನ್ರಿ.”

“ಏನಂತ, ಕಾವೇರಿ?”

“ನನಗ ಶುಗರ್ ಇಲ್ಲ, ಬಾಣಂತನದಾಗ ಮನಸ್ಸು ಕುಸಿದಿತ್ತು, ಅದಕ್ಕ ಗುಳಗಿ ತಗೋತೀನಿ ಅಂತ.”

“ಓಣಿ ಮಂದಿ ಹುಚ್ಚಿ ಅಂದ್ರ? ಅದಕ್ಕಂತನ ನಾನು ಶುಗರ್ ಅಂದೀನಿ.”

“ನಿಮ್ಮ ಶುಗರಿನಿಂದ ಈದ್ ಹಬ್ಬದ ದಿನ ಫರ್ಹೀನನ ಅವ್ವ ಎಲ್ಲರಿಗೂ ಶೀರ್‌ಖುರ್ಮಾ ಪಾಯಸ ಕೊಟ್ಟು, ನನಗ ಸಪ್ಪನ ಚಹಾ ಕೊಟ್ರು!”

ಅತ್ತೆ ನಕ್ಕರು. ಸೊಸೆ ನಗಲಿಲ್ಲ.

“ಫರ್ಹೀನ್ ಹಡದು ಎರಡು ತಿಂಗಳಾತು. ಕೂಸಿನ ಮುಖ ನೋಡವಲ್ಲಳು, ಬರೇ ಅಳತಾಳ. ನಾನೂ ಹಂಗ ಇದ್ದೆ. ನನ್ನ ನೀವು ಕೈ ಹಿಡದು ಇಲ್ಲಿ ಡಾಕ್ಟರ ಕಡೆ ಕರಕೊಂಡು ಬಂದ್ರಿ. ಆಕಿನ್ನ ಯಾರು ಕರಕೊಂಡು ಬರಬೇಕು?”

“ತಾಯತ ಕಟ್ಟಿಸ್ಯಾರಲ್ಲ?”

“ತಾಯತ ಇರಲಿ, ಡಾಕ್ಟರೂ ಬೇಕ್ರಿ.”

ಕಮಲಾಪುರದ ಬಸ್ಸು ಬಂದು ನಿಂತಿತು. ಅತ್ತೆ ಮಗುವನ್ನು ಸೊಸೆಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದರು.

“ನೀ ಸುಮ್ಮನಿರು. ಸುಳ್ಳು ಹುಟ್ಟಿಸಿದಾಕಿ ನಾನು, ನಿಜಾನೂ ನಾನ ಹೇಳ್ತೀನಿ. ನಮ್ಮ ಮನಿಗಿಂತ ಮೊದಲು ಅವರ ಮನಿಗೆ ನಡಿ. ಸೋಮವಾರ ಮೂವರೂ ಕೂಡಿ ಬರೂಣು.”

ಇಬ್ಬರೂ ಬಸ್ಸನ್ನೇರಿದರು.