ಎರ್ರಮ್ಮನ ಕೈಗೆ ಸಿಕ್ಕ ಗಂಟು

ಸಾವಿರದ ಒಂಬೈನೂರ ಹನ್ನೆರಡರ ಮಾತು. ಚಳ್ಳಕೆರೆಯ ದವಾಖಾನೆಯ ಜಗಲಿಯಲ್ಲಿ ಕಣ್ಣಿನ ಮದ್ದಿಗೆಂದು ಕೂತಿದ್ದ ಕರಿಯಕ್ಕನಿಗೆ ಪಕ್ಕದ ಇಬ್ಬರ ಮಾತು ಕಿವಿಗೆ ಬಿತ್ತು. ಮೊಳಕಾಲ್ಮೂರಿನಿಂದ ಗಾಡಿ ಕಟ್ಟಿಸಿಕೊಂಡು ಬಂದ ನೇಕಾರರ ಮನೆಯ ಅತ್ತೆ ಎರ್ರಮ್ಮ, ಸೊಸೆ ಚಿತ್ತಮ್ಮ.

“ಕೊಡೋ ಔಷಧಿ ಇಸ್ಕಂಡು ಹೋಗಾನ ಬಾರೇ.”

“ಮುಟ್ಟಿ ನೋಡ್ದೇನೆ ಮೂರು ಸಲ ಕೊಟ್ರು, ಅತ್ತೆ. ಇವತ್ತು ಹೊಸದಾಗಿ ಬಂದಿರೋ ಡಾಕ್ಟ್ರಮ್ಮ ನೋಡೋವರ್ಗೂ ನಾನು ಏಳಲ್ಲ.”

“ಹೊಟ್ಟೆನೋವು ಯಾವ ಹೆಂಗಸಿಗಿಲ್ಲ?”

“ಇದು ಅದಲ್ಲ. ಕೂಸು ಸತ್ತು ಹುಟ್ಟಿದಾಗ ಸೂಲಗಿತ್ತಿ ಕೈಹಾಕಿ ತೆಗೆದ್ಲಲ್ಲ, ಅವತ್ತಿಂದ ಒಂದೇ ಜಾಗ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ರೆ ಒಳಗೆ ಏನೋ ಹಿಡಿದು ಎಳೀತೈತೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ಕೆಲ್ಸಗಳ್ಳಿ ಅಂದ್ರಿ.”

ಎರ್ರಮ್ಮ ತಲೆ ತಗ್ಗಿಸಿದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಇಬ್ಬರೂ ಹೋದರು. ಬಹಳ ಹೊತ್ತಾದ ಮೇಲೆ ಹೊರಬಂದಾಗ ಅತ್ತೆಯ ಕಣ್ಣು ಒದ್ದೆಯಾಗಿತ್ತು.

“ಹಳೇ ಗಾಯ ಮಾದು ಒಳಗೆ ಅಂಟ್ಕಂಡೈತೆ ಅಂದ್ರು. ಬೆಂಗಳೂರಾಗೆ ಕೊಯ್ದು ಬಿಡಿಸ್ಬೇಕಂತೆ. ಹೋಗ್ತೀಯಾ?”

“ಹೋಗ್ತೀನಿ. ನಿಮ್ಮ ಮಗ ಒಪ್ತಾರಾ?”

“ಡಾಕ್ಟ್ರಮ್ಮ ನನ್ನ ಕೈ ಹಿಡಿದು ನಿನ್ನ ಹೊಟ್ಟೆ ಮೇಲೆ ಆ ನೋವಿನ ಜಾಗದಾಗೇ ಒತ್ತಿಸಿದ್ರು. ಆ ಗಂಟು ನನ್ನ ಕೈಗೇ ಸಿಕ್ತಲ್ಲೇ! ಅವನು ಇಲ್ಲ ಅಂದ್ರೆ ನಾನೇ ಕರ್ಕಂಡು ಹೋಗ್ತೀನಿ.”

ಸೊಸೆಯ ತೋಳು ಹಿಡಿದು ಎರ್ರಮ್ಮ ಮೆಲ್ಲಗೆ ಮೆಟ್ಟಿಲಿಳಿದಳು.